ಕ್ಯಾಂಪಿಗೂ ಒಂದು ಬಾಚಣಿಗೆ

ಕಣ್ಣಿನ ಕ್ಯಾಂಪಿಗೆ ಕ್ಯಾಮೆರಾ ಹಿಡಿದು ಹೋಗುವವರು ಮೊದಲು ಮಾಡಬೇಕಾದ ಕೆಲಸ ಫ್ಲ್ಯಾಶ್ ಆರಿಸುವುದು. ತಪಾಸಣೆಗೆ ಬಂದವರ ಕಣ್ಣಿಗೆ ಹನಿ ಬಿಟ್ಟು ಪಾಪೆ ಹಿಗ್ಗಿಸಿರುತ್ತಾರೆ. ಹಾಗೆ ಹಿಗ್ಗಿದ ಪಾಪೆ ಕೆಲವು ಗಂಟೆ ಬೆಳಕಿಗೆ ಕುಗ್ಗುವುದಿಲ್ಲ. ಬಾಗಿಲಿನಿಂದ ಬರುವ ಬಿಸಿಲೇ ಚುಚ್ಚುತ್ತಿರುವಾಗ ಎದುರಿಗೆ ನಿಂತು ಫ್ಲ್ಯಾಶ್ ಹೊಡೆದರೆ ಅವರ ಪಾಡೇನು? ಶಾಲೆಯ ಕೊಠಡಿಗೆ ಕಾಲಿಟ್ಟ ಕೂಡಲೇ ಕಿಟಕಿ ಯಾವ ದಿಕ್ಕಿಗಿದೆ ಎಂದು ನೋಡಿಕೊಳ್ಳುತ್ತೇನೆ. ಐಎಸ್‌ಒ ಏರಿಸಿ, ಸಿಕ್ಕ ಬೆಳಕಿನಲ್ಲೇ ಕೆಲಸ ಮಾಡುತ್ತೇನೆ. ಚಿತ್ರ ಸ್ವಲ್ಪ ಮರಳುಮರಳಾಗಿ ಬರುತ್ತದೆ. ಬರಲಿ.

ನನ್ನದು ಚಿಕ್ಕಜಾಲದಲ್ಲಿ, ಬಳ್ಳಾರಿ ರಸ್ತೆಯ ಸರ್ವಿಸ್ ರೋಡಿಗೆ ಮುಖ ಮಾಡಿರುವ ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ, ಗೃಹಪ್ರವೇಶ ಇದೇ ಹೊಟ್ಟೆಪಾಡು. ಮುಹೂರ್ತಗಳಿಲ್ಲದ ಭಾನುವಾರ ಗೆಳೆಯರ ಸ್ವಯಂಸೇವಕ ತಂಡದ ಜೊತೆ ಟಿಟಿ ವ್ಯಾನು ಹತ್ತುತ್ತೇನೆ. ಕಣ್ಣಿನ ಡಾಕ್ಟರು, ಆಪ್ಟೊಮೆಟ್ರಿ ಓದುವ ಹುಡುಗ ಹುಡುಗಿಯರು, ಚೀಟಿ ಬರೆಯುವವರು, ಉಪ್ಪಿಟ್ಟಿನ ಪಾತ್ರೆ ಹೊರುವವರು ಎಲ್ಲರೂ ಇರುತ್ತಾರೆ. ಫೋಟೋ ನನ್ನ ಪಾಲು. ಸೇವೆಯ ಫೋಟೋ ಹೇಗಿರಬೇಕೆಂದು ನನಗೆ ಯಾವ ತರಬೇತಿಯೂ ಕಲಿಸಲಿಲ್ಲ. ಕಲಿಸಿದ್ದು ಚಿಕ್ಕಜಾಲದ ಈ ಹತ್ತಡಿ ಅಂಗಡಿ.

ಗೂಟದ ಮೇಲಿನ ಕೋಟು

ಯಲಹಂಕ ದಾಟಿ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಚಿಕ್ಕಜಾಲವೆಂದರೆ ಕಾರಿನ ಕಿಟಕಿಯಲ್ಲಿ ಸರಿದುಹೋಗುವ ಹಳೆಯ ಕೋಟೆಯ ಕಲ್ಲುಗೋಡೆ. ಸುತ್ತ ದ್ರಾಕ್ಷಿ ತೋಟಗಳು, ಪಕ್ಕದ ಬೆಟ್ಟಹಲಸೂರಿನಲ್ಲಿ ಕಲ್ಲು ಕ್ವಾರಿಗಳು ಇದ್ದ ಸೀಮೆ ಇದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದ ಮೇಲೆ ನಮ್ಮ ಗಿರಾಕಿಗಳೂ ಬದಲಾದರು. ರೇಷನ್ ಕಾರ್ಡಿಗೆ, ಶಾಲೆಯ ಅರ್ಜಿಗೆ ಫೋಟೋ ಕೇಳುತ್ತಿದ್ದ ಕಡೆ ಏರ್‌ಪೋರ್ಟ್ ಪಾಸಿಗೆ, ಸೆಕ್ಯುರಿಟಿ ಏಜೆನ್ಸಿಗೆ, ಬಾಡಿಗೆ ಕರಾರಿಗೆ ಕೇಳುವವರು ಬಂದರು. ರಾಯಚೂರು, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವರು, ಒಡಿಶಾ, ಅಸ್ಸಾಮಿನ ಹುಡುಗರು ಎಲ್ಲರೂ ಬರುತ್ತಾರೆ. ಏರೋ ಇಂಡಿಯಾ ಹತ್ತಿರವಾದರೆ ಯಲಹಂಕ ವಾಯುನೆಲೆಯಿಂದ ಹಾರುವ ವಿಮಾನಗಳ ಸದ್ದಿಗೆ ಸ್ಟೂಲಿನ ಮೇಲೆ ಕುಳಿತವರ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ. ಆ ದಿನಗಳಲ್ಲಿ ಒಂದು ಪಾಸ್‌ಪೋರ್ಟ್ ಫೋಟೋಗೆ ಮೂರು ಸಲ ಕ್ಲಿಕ್ಕಿಸಬೇಕು.

ಅಂಗಡಿಯ ಮೂಲೆಯಲ್ಲಿ ಒಂದು ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ, ಗೂಟಕ್ಕೊಂದು ಕಪ್ಪು ಕೋಟು. ಆ ಕೋಟು ಯಾರ ಅಳತೆಯದೂ ಅಲ್ಲ; ಬೆನ್ನಿಗೆ ಪಿನ್ನು ಹಾಕಿದರೆ ಎಲ್ಲರಿಗೂ ಆಗುತ್ತದೆ. ದಿನವಿಡೀ ಸಿಮೆಂಟಿನಲ್ಲಿ ಅದ್ದಿಹೋದ ಹುಡುಗ ಸಂಜೆ ಮುಖ ತೊಳೆದು ಬಂದು, ಕೋಟು ತೊಟ್ಟು, ಗಲ್ಲ ಎತ್ತಿ ಕೂರುತ್ತಾನೆ. ಆ ಫೋಟೋ ಊರಿನ ತಾಯಿಗೆ ಹೋಗುತ್ತದೆ. ಅವನು ಗಿರಾಕಿ. ಹೇಗೆ ಕಾಣಬೇಕೆಂದು ತೀರ್ಮಾನಿಸುವವನು ಅವನೇ. ಚೆನ್ನಾಗಿ ಬರಲಿಲ್ಲ ಎಂದರೆ ಇನ್ನೊಂದು ತೆಗೆದುಕೊಡುವುದು ನನ್ನ ಕೆಲಸ.

ಇನ್ನೊಂದು ಬಗೆಯ ಗಿರಾಕಿಗಳೂ ಇದ್ದಾರೆ. ಮನೆಯಲ್ಲಿ ಸಾವಾಗಿ, ತಿಥಿಗೆ ಮೊದಲು ಗೋಡೆಗೆ ಹಾಕಲು ಪಟ ಬೇಕೆಂದು ಬರುವವರು. ಅವರ ಕೈಯಲ್ಲಿ ವೋಟರ್ ಐಡಿ ಇರುತ್ತದೆ, ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಮುಖ. “ಅಮ್ಮಂದು ಇದೊಂದೇ ಇರೋದಣ್ಣ, ಇದ್ರಲ್ಲೇ ಏನಾದ್ರೂ ಮಾಡಿಕೊಡಿ” ಅನ್ನುತ್ತಾರೆ. ಎಂಬತ್ತು ವರ್ಷ ಬಾಳಿದ ಜೀವಕ್ಕೆ ನೆಟ್ಟಗಿನ ಒಂದು ಫೋಟೋ ಇರುವುದಿಲ್ಲ. ಕ್ಯಾಂಪಿಗೆ ಹೋದಾಗ ಈ ಮಾತು ನನ್ನ ತಲೆಯಲ್ಲಿ ಸದಾ ಇರುತ್ತದೆ. ಅಲ್ಲಿ ಸಾಲಿನಲ್ಲಿ ಕುಳಿತ ಅಜ್ಜಿಯ ಬದುಕಿನ ಒಳ್ಳೆಯ ಫೋಟೋ ನಾನು ತೆಗೆಯುವುದೇ ಆಗಿರಬಹುದು.

ಕ್ಯಾಂಪು ನಡೆಯುವ ಬಗೆ

ನಾವು ಹೆಚ್ಚಾಗಿ ಹೋಗುವುದು ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರದ ಮೇಲೆ ಪಾವಗಡದ ಕಡೆಗೆ. ಆಂಧ್ರದೊಳಗೆ ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುವ ದಾರಿ. ಹೊಲಗಳಲ್ಲಿ ಕಡಲೆಕಾಯಿ, ಮನೆಮಾತಿನಲ್ಲಿ ತೆಲುಗು, ತಲೆಯ ಮೇಲೆ ಸುಡುವ ಬಿಸಿಲು. ಆ ಬಿಸಿಲನ್ನು ನಂಬಿಯೇ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ಇಲ್ಲಿ ಎದ್ದಿದೆ. ಬಿಸಿಲಿನ ಅತಿನೇರಳೆ ಕಿರಣ ಕಣ್ಣಿನ ಪೊರೆಗಿರುವ ಕಾರಣಗಳಲ್ಲಿ ಒಂದು. ವಯಸ್ಸು, ಸಕ್ಕರೆ ಕಾಯಿಲೆ, ಹೊಗೆ ಇನ್ನು ಕೆಲವು. ಪಾವಗಡ ಪಟ್ಟಣದಲ್ಲಿ ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮ ಬಡವರಿಗಾಗಿ ಕಣ್ಣಿನ ಆಸ್ಪತ್ರೆಯನ್ನೇ ನಡೆಸುತ್ತಿದೆ. ನಮ್ಮಂಥ ಸಣ್ಣ ತಂಡಗಳ ಕೆಲಸ, ಆಸ್ಪತ್ರೆಯವರೆಗೆ ಬಾರದವರನ್ನು ಹುಡುಕಿ ಕರೆತರುವುದು.

ಬೆಳಿಗ್ಗೆ ಆಶಾ ಕಾರ್ಯಕರ್ತೆಯರು ಮನೆಮನೆಯಿಂದ ಹಿರಿಯರನ್ನು ಹೊರಡಿಸಿಕೊಂಡು ಬರುತ್ತಾರೆ. ಆಧಾರ್ ಜೆರಾಕ್ಸ್, ಚೀಟಿ. ಆಮೇಲೆ ಆರು ಮೀಟರು ದೂರದ ಗೋಡೆಯ ಮೇಲೆ ನಾಲ್ಕು ದಿಕ್ಕಿಗೆ ತಿರುಗಿದ ಇಂಗ್ಲಿಷಿನ ‘ಇ’ ಅಕ್ಷರಗಳ ಚಾರ್ಟು. ಓದು ಬಾರದವರೂ ಅಕ್ಷರದ ಕಾಲು ಯಾವ ಕಡೆಗಿದೆ ಎಂದು ಮೂರು ಬೆರಳಿನಲ್ಲಿ ತೋರಿಸಬಹುದು. ಚೀಟಿಯಲ್ಲಿ 6/60 ಎಂದು ಬರೆದಿದ್ದರೆ, ಸರಿಯಾದ ಕಣ್ಣಿಗೆ 60 ಮೀಟರಿನಿಂದ ಕಾಣುವ ಅಕ್ಷರ ಇವರಿಗೆ 6 ಮೀಟರಿಗೆ ಬಂದರಷ್ಟೇ ಕಾಣುತ್ತದೆ ಎಂದರ್ಥ. ಅದೂ ಕಾಣದಿದ್ದರೆ ಡಾಕ್ಟರು ಹತ್ತಿರ ಬಂದು ಬೆರಳು ಎಣಿಸಲು ಹೇಳುತ್ತಾರೆ. ಬಿಪಿ, ಸಕ್ಕರೆ ನೋಡಿ, ಆಪರೇಷನ್ನಿಗೆ ಆಯ್ಕೆಯಾದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕಳಿಸುತ್ತೇವೆ. ಅಲ್ಲಿ ಮಬ್ಬಾದ ಲೆನ್ಸ್ ತೆಗೆದು ಪ್ಲಾಸ್ಟಿಕ್ ಲೆನ್ಸ್ ಕೂರಿಸುತ್ತಾರೆ. ಮಾರನೆಯ ದಿನ ಪಟ್ಟಿ ಬಿಚ್ಚುತ್ತಾರೆ.

ಒಂದು ಕಾಲಕ್ಕೆ ಆಪರೇಷನ್ನೂ ಹಳ್ಳಿಯಲ್ಲೇ ಆಗುತ್ತಿತ್ತು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಸಾಲು ಮೇಜುಗಳ ಮೇಲೆ ಪೊರೆ ತೆಗೆದವರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಗಿನ್ನೆಸ್ ಪುಸ್ತಕದಲ್ಲಿದೆ. ಒಟ್ಟು ಲೆಕ್ಕ ಆರು ಲಕ್ಷ ದಾಟಿದೆ. ಆಗ ಲೆನ್ಸ್ ತೆಗೆದು ಸೋಡಾ ಬಾಟಲಿ ಗಾಜಿನಷ್ಟು ದಪ್ಪದ ಕನ್ನಡಕ ಕೊಡುತ್ತಿದ್ದರು. ಈಗ ಒಳಗೇ ಲೆನ್ಸ್ ಕೂರುವುದರಿಂದ ಆ ಕನ್ನಡಕ ಬೇಕಿಲ್ಲ, ಸೋಂಕಿನ ಭಯದಿಂದ ಬಯಲು ಆಪರೇಷನ್ನೂ ಇಲ್ಲ.

ಕ್ಯಾಂಪಿನಲ್ಲಿ ನೇತ್ರದಾನದ ಮೇಜೂ ಇರುತ್ತದೆ. ಮೇಜಿನ ಹಿಂದಿನ ಫ್ಲೆಕ್ಸಿನಲ್ಲಿ ಅಪ್ಪು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಕಣ್ಣು ದಾನ ಮಾಡಿದ್ದ ಅಪ್ಪನಂತೆ ಮಗ ಎಂದು ಜನ ಸಹಿ ಹಾಕುತ್ತಾರೆ. ಆದರೆ “ನನ್ಗೂ ಅಪ್ಪು ಕಣ್ಣು ಹಾಕ್ತಾರಾ?” ಎಂದು ಕೇಳುವವರೂ ಇದ್ದಾರೆ. ಪೊರೆಗೆ ಯಾರ ಕಣ್ಣೂ ಬೇಡ. ದಾನದ ಕಣ್ಣಿನಿಂದ ಬಳಸುವುದು ಮುಂಭಾಗದ ಪಾರದರ್ಶಕ ಪಟಲವನ್ನು. ಅದು ಬಿಳುಪಾಗಿ ಕೆಟ್ಟವರಿಗೆ ಮಾತ್ರ.

ಕಾಣದವರ ಎದುರು ಕ್ಯಾಮೆರಾ

ಬೀದಿಯಲ್ಲಿ ಕ್ಯಾಮೆರಾ ಎತ್ತಿದರೆ ಜನ ಮುಖ ತಿರುಗಿಸಬಹುದು, ಬೇಡ ಎನ್ನಬಹುದು, ನಗಬಹುದು. ಎರಡೂ ಕಣ್ಣಿಗೆ ಪೊರೆ ಬಂದವರಿಗೆ ಆ ಅವಕಾಶವೇ ಇಲ್ಲ. ಎರಡು ಮಾರು ದೂರದಲ್ಲಿ ನಿಂತು ಎಷ್ಟು ಬೇಕಾದರೂ ತೆಗೆದುಕೊಂಡು ಹೋಗಬಹುದು. ಅವರಿಗೆ ಗೊತ್ತೇ ಆಗುವುದಿಲ್ಲ. ಈಗಿನ ಕ್ಯಾಮೆರಾಗಳಿಗೆ ಸದ್ದೂ ಇಲ್ಲ. ಹೀಗಾಗಿ ನಾನು ಮೊದಲು ಮಾತಾಡುತ್ತೇನೆ. ಯಾರು, ಎಲ್ಲಿಂದ ಬಂದೆ, ಫೋಟೋ ಯಾತಕ್ಕೆ, ಯಾರು ನೋಡುತ್ತಾರೆ ಎಂದು ಹೇಳಿ, ಕ್ಯಾಮೆರಾವನ್ನು ಅವರ ಕೈಗೆ ಕೊಡುತ್ತೇನೆ. ತಡವಿ ನೋಡುತ್ತಾರೆ. “ಇಷ್ಟು ಭಾರನಾ?” ಅನ್ನುತ್ತಾರೆ. ಬೇಡ ಎಂದರೆ ಬೇಡ. ಹೂಂ ಎಂದರೆ ಚೀಲದಿಂದ ಬಾಚಣಿಗೆ ತೆಗೆಯುತ್ತೇನೆ. ಚಿಕ್ಕಜಾಲದಿಂದ ಲೆನ್ಸಿನ ಜೊತೆಗೇ ಹೊರಡುವ ಬಾಚಣಿಗೆ ಅದು. ಆಶಾ ಅಕ್ಕ ಸೆರಗು ಸರಿಮಾಡಿ ಹಣೆಗೆ ಕುಂಕುಮ ಇಡುತ್ತಾರೆ. ತಾತಂದಿರು ಟವೆಲ್ಲನ್ನು ತಲೆಗೆ ಸುತ್ತಲೋ ಹೆಗಲಿಗೆ ಹಾಕಲೋ ಎಂದು ಬಹಳ ಯೋಚಿಸುತ್ತಾರೆ.

ದುಡ್ಡು ಕೊಡುವವರಿಗೆ ಇಂಥ ಫೋಟೋ ಹಿಡಿಸುವುದಿಲ್ಲ. ಒಮ್ಮೆ ಪ್ರಾಯೋಜಕರೊಬ್ಬರು ಇಡೀ ಆಲ್ಬಮ್ ನೋಡಿ, “ಇವ್ರು ಕಷ್ಟದಲ್ಲಿ ಇರೋ ಥರಾನೇ ಕಾಣಲ್ವಲ್ಲ” ಎಂದರು. ಹರಿದ ಸೀರೆ, ಕೆದರಿದ ತಲೆ, ಹಿಂದೆ ಬ್ಯಾನರು, ಕನ್ನಡಕ ಕೊಡುತ್ತಿರುವ ಕೈ ಅವರಿಗೆ ಬೇಕಿತ್ತು. ನಾನು ಕಣ್ಣಿನ ಹತ್ತಿರದ ಚಿತ್ರ ತೋರಿಸಿದೆ: ಪಾಪೆಯೊಳಗೆ ಹಾಲಿನಂತೆ ಬೆಳ್ಳಗಿರುವ ಪೊರೆ. ಕಷ್ಟಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ಕಾಯಿಲೆ ಕಣ್ಣಿನಲ್ಲಿದೆ, ಸೀರೆಯಲ್ಲಿಲ್ಲ.

ಇದನ್ನು ಮೊದಲು ತಿಳಿದವನು ನಾನೇನಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ವಿಶ್ವ ಆರೋಗ್ಯ ಸಂಸ್ಥೆಗೆ, ಯುನಿಸೆಫ್‌ಗೆ ಹಳ್ಳಿಹಳ್ಳಿ ಸುತ್ತಿ ಚಿತ್ರ ತೆಗೆದವರು; ಸಿಡುಬು ನಿರ್ಮೂಲನೆಯ ಕೆಲಸವನ್ನೂ ದಾಖಲಿಸಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಚಿತ್ರಗಳಲ್ಲಿ ಬಡತನ ಇದೆ, ಆದರೆ ಮಕ್ಕಳು ಬಡತನದ ಮಾದರಿಗಳಾಗಿ ನಿಂತಿಲ್ಲ. ಆಡುತ್ತಾರೆ, ಜಗಳವಾಡುತ್ತಾರೆ, ಚೇಷ್ಟೆ ಮಾಡುತ್ತಾರೆ.

ಕಣ್ಣಿನೊಳಗಿನ ಫೋಟೋ

ಈ ಓಡಾಟದಲ್ಲಿ ನನಗಿಂತ ಮುಖ್ಯ ಫೋಟೋಗ್ರಾಫರುಗಳು ಬೇರೆಯೇ ಇದ್ದಾರೆ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕಣ್ಣೇ ಹೋಗಬಹುದು. ಹುಟ್ಟಿದ ತಿಂಗಳೊಳಗೆ ಪರೀಕ್ಷೆ ಆಗಬೇಕು. ಜಿಲ್ಲೆಗಳಲ್ಲಿ ಅದನ್ನು ಗುರುತಿಸುವ ತಜ್ಞರು ಕಡಿಮೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿ ಹೇರಿಕೊಂಡು ಊರೂರ ಆಸ್ಪತ್ರೆಗೆ ಹೋಗುತ್ತಾರೆ. ಅಂಗೈಯಗಲದ ಕೂಸಿನ ಕಣ್ಣಿನೊಳಗಿನ ಚಿತ್ರ ತೆಗೆದು ಕಳಿಸುತ್ತಾರೆ. ಬೆಂಗಳೂರಿನಲ್ಲಿ ಕೂತ ಡಾಕ್ಟರು ಅದನ್ನು ನೋಡಿ ಲೇಸರ್ ಬೇಕೇ ಬೇಡವೇ ಎಂದು ಹೇಳುತ್ತಾರೆ. ನನ್ನ ಫೋಟೋ ಕೆಟ್ಟರೆ ಇನ್ನೊಂದು ತೆಗೆಯಬಹುದು. ಅವರು ತಡಮಾಡಿದರೆ ಒಂದು ಜೀವನ ಕತ್ತಲಾಗುತ್ತದೆ.

ಮತ್ತೆ ನಮ್ಮ ಕ್ಯಾಂಪಿನ ಮಾತಿಗೆ ಬಂದರೆ, ಪೊರೆ ತೆಗೆಸಿಕೊಂಡವರು ಮಾರನೆಯ ದಿನ ಹೇಳುವ ಮಾತುಗಳಲ್ಲಿ ನಮ್ಮ ಕಸುಬಿನವರಿಗೆ ಒಂದು ಪಾಠವಿದೆ. ಹಲವರು “ಎಲ್ಲಾ ನೀಲಿ ನೀಲಿ ಕಾಣ್ತದೆ” ಅನ್ನುತ್ತಾರೆ. ವಯಸ್ಸಾದ ಲೆನ್ಸ್ ಹಳದಿಗಟ್ಟಿ, ಆಮೇಲೆ ಕಂದಾಗಿ, ನೀಲಿ ಬೆಳಕನ್ನು ತಡೆದುಬಿಟ್ಟಿರುತ್ತದೆ. ಅದು ಹೋದ ಕೂಡಲೇ ಮರೆತುಹೋಗಿದ್ದ ಬಣ್ಣ ಒಟ್ಟಿಗೆ ನುಗ್ಗುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲಾದ್ ಮೊನೆ 1923ರಲ್ಲಿ ಪೊರೆ ತೆಗೆಸಿಕೊಂಡ ಮೇಲೆ ಬಣ್ಣಗಳ ಬಗ್ಗೆ ಹೀಗೇ ಗೊಂದಲಪಟ್ಟಿದ್ದ. ಕೆಲವು ದಿನಗಳಲ್ಲಿ ಹೆಚ್ಚಿನವರಿಗೆ ಅದು ಹೊಂದಿಕೊಳ್ಳುತ್ತದೆ.

ಮೊದಲ ಪ್ರತಿ ಯಾರಿಗೆ

ಕ್ಯಾಮೆರಾ ಹೊತ್ತು ಸೇವೆಗೆ ಬರುತ್ತೇನೆನ್ನುವ ಹುಡುಗರಿಗೆ ನಾನು ಹೇಳುವುದು ಇಷ್ಟು: ಕೇಳಿ ತೆಗೆಯಿರಿ. ಆಪರೇಷನ್ ಕೋಣೆಯ ಬಾಗಿಲಲ್ಲಿ ಕ್ಯಾಮೆರಾ ಚೀಲ ಇಡಿ. ಕಾಯಿಲೆಯ ಹೆಸರು, ಊರು, ಮುಖ ಮೂರನ್ನೂ ಒಟ್ಟಿಗೆ ಫೇಸ್‌ಬುಕ್ಕಿಗೆ ಏರಿಸಬೇಡಿ. ಮೊದಲ ಪ್ರಿಂಟು ಅವರಿಗೇ ಕೊಡಿ. ಪ್ರಾಯೋಜಕರ ವರದಿ ಒಂದು ವಾರ ಕಾಯಬಹುದು. ಮುಂದಿನ ಭೇಟಿಗೆ ಕಣ್ಣು ನೋಡಲು ತಂಡ ಹೋಗುವಾಗ ನಾನು ಆರಿಂಚು ನಾಲ್ಕಿಂಚಿನ ಪ್ರಿಂಟುಗಳ ಕಟ್ಟು ಒಯ್ಯುತ್ತೇನೆ.

ಪಾವಗಡ ಸೀಮೆಯ ಒಬ್ಬ ಅಜ್ಜಿಗೆ ಹಾಗೆ ಕೊಟ್ಟೆ. ಎರಡೂ ಕಣ್ಣಿಗೆ ಪೊರೆ ಇದ್ದಾಗ ತೆಗೆದದ್ದು. ಬಾಚಿದ ತಲೆ, ಕುಂಕುಮ, ಕಿಟಕಿಯ ಬೆಳಕು, ನನಗೆ ಬಹಳ ಮೆಚ್ಚಿಗೆಯಾಗಿದ್ದ ಫೋಟೋ. ಅಜ್ಜಿ ಅದನ್ನು ಕಪ್ಪು ಕನ್ನಡಕ ತೆಗೆದು ಒಮ್ಮೆ, ಹಾಕಿ ಒಮ್ಮೆ ನೋಡಿದರು.

“ಏನಪ್ಪಾ, ಇದ್ರಲ್ಲಿ ನಾನು ಎತ್ಲಾಗೋ ನೋಡ್ತಾ ಇದೀನಲ್ಲ!”

“ಆಗ ನಿಮ್ಗೆ ಕಾಣ್ತಿರ್ಲಿಲ್ಲ ಅಜ್ಜಿ.”

“ಈಗ ಕಾಣ್ತದಲ್ಲ. ತಾಳು, ಒಳಗೆ ಹೋಗಿ ಒಳ್ಳೆ ಸೀರೆ ಉಟ್ಕಂಡು ಬತ್ತೀನಿ. ಇನ್ನೊಂದು ತೆಗಿ. ಈ ಸಲ ನೆಟ್ಟಗೆ ನಿನ್ನೇ ನೋಡ್ತೀನಿ.”

ಗಿರಾಕಿ ಹೇಳಿದ ಮೇಲೆ ಮುಗಿಯಿತು. ಟಿಟಿಯವರಿಗೆ ಹತ್ತು ನಿಮಿಷ ಕಾಯಲು ಹೇಳಿ ಇನ್ನೊಂದು ತೆಗೆದೆ.