ಒಂದೂ ದೂರು ಬಾರದ ತಾಲ್ಲೂಕು

ಬೆಂಗಳೂರಿನ ಕೆಂಪೇಗೌಡ ರಸ್ತೆಯ ಕಾವೇರಿ ಭವನದಲ್ಲಿ ಕರ್ನಾಟಕ ರಾಜ್ಯ ಮಹಿಳಾ ಆಯೋಗದ ಕಚೇರಿಯಿದೆ. 1995ರ ಕಾಯ್ದೆಯಡಿ ಹುಟ್ಟಿದ ಈ ಆಯೋಗ ಯಾರಿಗೂ ಶಿಕ್ಷೆ ಕೊಡಲಾರದು. ಸಮನ್ಸ್ ಕಳಿಸಿ ಕರೆಸಬಹುದು, ಕಡತ ತರಿಸಿಕೊಳ್ಳಬಹುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು. ಇಷ್ಟಕ್ಕೆ ಮಾತ್ರ ಅದಕ್ಕೆ ಸಿವಿಲ್ ನ್ಯಾಯಾಲಯದ ಬಲವಿದೆ. ಮುಂದಿನದೆಲ್ಲ ಸರ್ಕಾರಕ್ಕೆ ಶಿಫಾರಸು. ಹಾಗಾಗಿ ಇದು ಹಲ್ಲಿಲ್ಲದ ಸಂಸ್ಥೆ ಎನ್ನುವವರಿದ್ದಾರೆ. ಆದರೆ ನ್ಯಾಯಾಲಯ ತನ್ನ ಬಾಗಿಲಿಗೆ ಬಂದ ಒಂದೊಂದು ಪ್ರಕರಣವನ್ನು ನೋಡುತ್ತದೆ. ಆಯೋಗ ಇಡೀ ರಾಜ್ಯದ ದೂರುಗಳನ್ನು ಒಟ್ಟಿಗೆ ಹರಡಿಕೊಂಡು ನೋಡಬಲ್ಲದು, ಪತ್ರಿಕೆಯ ಸುದ್ದಿ ಓದಿ ಸ್ವಯಂಪ್ರೇರಿತವಾಗಿ ವಿಚಾರಣೆಗೂ ಇಳಿಯಬಲ್ಲದು. ಅದರ ನಿಜವಾದ ಬಲ ಅಲ್ಲಿದೆ ಎಂದು ನನ್ನ ನಂಬಿಕೆ. ಆ ಬಲ ಫಲಿಸಬೇಕಾದರೆ ದೂರಿನ ಅಂಕಿಯನ್ನು ಓದುವ ಬಗೆ ನಮಗೆ ಗೊತ್ತಿರಬೇಕು.

ರಾಷ್ಟ್ರೀಯ ಮಹಿಳಾ ಆಯೋಗಕ್ಕೆ 2020ರಲ್ಲಿ 23,722 ದೂರು ಬಂದವು, 2021ರಲ್ಲಿ 30,864. ಹಿಂಸೆ ಅಷ್ಟು ಹೆಚ್ಚಿತೇ? ಆಯೋಗದ ಬಗ್ಗೆ ಜನರಿಗೆ ಹೆಚ್ಚು ತಿಳಿದದ್ದೂ ಏರಿಕೆಗೆ ಕಾರಣ ಎಂದು ಆಗಿನ ಅಧ್ಯಕ್ಷೆ ರೇಖಾ ಶರ್ಮಾ ಹೇಳಿದ್ದರು. ಇದನ್ನು ಜಾರಿಕೆಯ ಉತ್ತರ ಎಂದು ತಳ್ಳಿಹಾಕುವಂತಿಲ್ಲ. ದೂರಿನ ಸಂಖ್ಯೆಯೊಳಗೆ ಎರಡು ಸಂಗತಿಗಳು ಬೆರೆತಿರುತ್ತವೆ: ನಡೆದ ಹಿಂಸೆ ಎಷ್ಟು, ಅದನ್ನು ಬಾಯಿಬಿಟ್ಟು ಹೇಳಿದವರು ಎಷ್ಟು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೈಹಿಕ ಅಥವಾ ಲೈಂಗಿಕ ಹಿಂಸೆ ಉಂಡ ಹೆಂಗಸರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಶೇ 77ರಷ್ಟು ಮಂದಿ ನೆರವೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಆಯೋಗದವರೆಗೆ ನೂರರಲ್ಲಿ ಒಬ್ಬಳು ಬರುವ ಕಡೆ ಇಬ್ಬರು ಬಂದರೆ ಸಾಕು, ಹಿಂಸೆ ಇದ್ದಷ್ಟೇ ಇದ್ದರೂ ದೂರು ಎರಡು ಪಟ್ಟಾಗುತ್ತದೆ.

ಹಾಗಾದರೆ ಹೇಳದೇ ಉಳಿದದ್ದನ್ನು ಅಳೆಯುವುದು ಹೇಗೆ? ಕೇಳುವ ಬಗೆಯಲ್ಲೇ ಅರ್ಧ ವಿಜ್ಞಾನವಿದೆ. ‘ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೇ’ ಎಂದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಕೇಳುತ್ತಾ ಬೆಳೆದವಳಿಗೆ ಕಪಾಳದ ಏಟು ದೌರ್ಜನ್ಯದ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದ ಸಮಾಜವಿಜ್ಞಾನಿ ಮರ್ರೇ ಸ್ಟ್ರಾಸ್ 1979ರಲ್ಲಿ ಪ್ರಕಟಿಸಿದ ಅಳತೆಗೋಲು ಈ ತೊಡಕನ್ನು ದಾಟಿತು. ಅದನ್ನು ಮಾರ್ಪಡಿಸಿಕೊಂಡ ನಮ್ಮ ಸಮೀಕ್ಷೆ ಕೃತ್ಯಗಳನ್ನು ಒಂದೊಂದಾಗಿ ಕೇಳುತ್ತದೆ: ತಳ್ಳಿದರೇ, ಕೆನ್ನೆಗೆ ಹೊಡೆದರೇ, ತೋಳು ತಿರುಚಿದರೇ, ಕೂದಲು ಹಿಡಿದೆಳೆದರೇ, ಒದ್ದರೇ, ಕತ್ತು ಹಿಸುಕಿದರೇ. ಒಂದು ಮನೆಯಲ್ಲಿ ಒಬ್ಬಳನ್ನೇ ಆರಿಸಿ, ಏಕಾಂತದಲ್ಲಿ ಕೇಳುತ್ತಾರೆ. ಏಕಾಂತ ಸಿಗದಿದ್ದರೆ ಈ ಪ್ರಶ್ನೆಗಳನ್ನು ಕೈಬಿಡುತ್ತಾರೆ. ಉತ್ತರ ಕೊಟ್ಟ ತಪ್ಪಿಗೆ ಆಕೆ ಮತ್ತೆ ಏಟು ತಿನ್ನಬಾರದು.

ಹೀಗೆ ಕೇಳಿದಾಗ ಕರ್ನಾಟಕದಲ್ಲಿ ಸಿಕ್ಕ ಉತ್ತರ ನನ್ನನ್ನು ಇಂದಿಗೂ ಕಾಡುತ್ತದೆ. ಮದುವೆಯಾದ 18ರಿಂದ 49 ವಯಸ್ಸಿನವರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಶೇ 44.4. ದೊಡ್ಡ ರಾಜ್ಯಗಳಲ್ಲೆಲ್ಲ ಇದೇ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಲಾಕ್‌ಡೌನ್ ಮೇಲೆ ಹೊರಿಸುವಂತಿಲ್ಲ. ನಮ್ಮ ರಾಜ್ಯದ ಮನೆಮನೆ ಭೇಟಿ ಕೊರೋನಾಕ್ಕೆ ಮೊದಲೇ, 2019ರಲ್ಲೇ ಮುಗಿದಿತ್ತು. ಹಿಂಸೆಯೇ ಏರಿತೋ, ಹೇಳುವ ಧೈರ್ಯ ಏರಿತೋ, ಈ ಒಂದು ಅಂಕಿಯಿಂದ ಬಿಡಿಸಿ ಹೇಳಲಾಗದು. ಇತ್ತ 2021ರಲ್ಲಿ ರಾಷ್ಟ್ರೀಯ ಆಯೋಗಕ್ಕೆ ಬಂದ ದೂರುಗಳಲ್ಲಿ ಅರ್ಧಕ್ಕೂ ಹೆಚ್ಚು ಉತ್ತರ ಪ್ರದೇಶದವು. ಅಲ್ಲಿನ ಜನಸಂಖ್ಯೆ ದೊಡ್ಡದು, ದೆಹಲಿಯೂ ಹತ್ತಿರ. ಆದರೆ ಸಮೀಕ್ಷೆಯಲ್ಲಿ ಆ ರಾಜ್ಯ ನಮಗಿಂತ ಕೆಳಗಿದೆ. ದೂರಿನ ನಕ್ಷೆಯೂ ಹಿಂಸೆಯ ನಕ್ಷೆಯೂ ಒಂದರ ಮೇಲೊಂದು ಕೂರುವುದಿಲ್ಲ.

ಈ ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ರಾಜ್ಯ ಆಯೋಗ ಕೈಗೆತ್ತಿಕೊಳ್ಳಬೇಕು. ಯಾವ ತಾಲ್ಲೂಕಿನಿಂದ ಇಡೀ ವರ್ಷ ಒಂದೂ ದೂರು ಬರಲಿಲ್ಲವೋ ಅಧ್ಯಕ್ಷೆಯ ಕಾರು ಮೊದಲು ಅಲ್ಲಿಗೆ ಹೋಗಲಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನಮ್ಮ ತಾಲ್ಲೂಕುಗಳಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಗಳೂ ಅವರ ಅಧೀನದಲ್ಲೇ ಇವೆ. ಯಾವ ಮನೆಯ ಸೊಸೆ ಮೂರು ದಿನದಿಂದ ಹೊರಗೆ ಕಂಡಿಲ್ಲ ಎಂಬುದು ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಆ ಕಾರ್ಯಕರ್ತೆಯನ್ನು ಕೂರಿಸಿಕೊಂಡು ಕೇಳಬೇಕು.