ಬಳಕೆಯ ಯಂತ್ರಗಳೂ ಶಿಕ್ಷಣದ ಪುನರ್ವಿಚಾರವೂ

ಜನಬಳಕೆಗೆ ಹೊಸ ಯಂತ್ರವೊಂದು ಬಂದಾಗಲೆಲ್ಲ ಅದರಿಂದ ಪಾಠ ಹೇಳುವುದು ಹೇಗೆಂಬ ಚರ್ಚೆ ಏಳುತ್ತದೆ. ಆ ಯಂತ್ರ ಬಂದ ಬಳಿಕ ನಾವು ವಿದ್ಯಾರ್ಥಿಯನ್ನು ಏನು ಕೇಳಬೇಕೆಂಬ ವಿಚಾರವಾದರೋ ಅಪರೂಪ. ಕರ್ನಾಟಕದ ಎರಡು ಅನುಭವಗಳ ಬೆಳಕಿನಲ್ಲಿ ಈ ಎರಡನೆಯ ವಿಚಾರವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯದು ದೂರದರ್ಶನದ್ದು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಶೈಕ್ಷಣಿಕ ಪ್ರಸಾರ ನಡೆಯಿತು. ಕರ್ನಾಟಕವೂ ಅವುಗಳಲ್ಲಿ ಒಂದು. ಊರಿಗೆಲ್ಲ ಒಂದೇ ಪೆಟ್ಟಿಗೆ. ಹಗಲು ಶಾಲೆಯ ಮಕ್ಕಳಿಗೆ, ಸಂಜೆ ಹಿರಿಯರಿಗೆ. ಪ್ರಯೋಗವು ದೊಡ್ಡದೇ ಆಗಿತ್ತು. ಆದರೆ ಮಾತು ಒಂದೇ ಕಡೆಯಿಂದ ಬರುತ್ತಿತ್ತು. ಮಗುವಿಗೆ ಮರುಪ್ರಶ್ನೆ ಕೇಳುವ ದಾರಿಯಿರಲಿಲ್ಲ.

ಎರಡನೆಯದು 2020ರದು. ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. 'ವಿದ್ಯಾಗಮ' ಯೋಜನೆಯಲ್ಲಿ ಶಿಕ್ಷಕರೇ ಮಕ್ಕಳಿದ್ದೆಡೆಗೆ ಹೋಗಿ ಗುಡಿಯ ಪೌಳಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಆ ಯೋಜನೆಯು ಮಕ್ಕಳನ್ನು ಮೂರು ಗುಂಪಾಗಿ ಎಣಿಸಬೇಕಾಯಿತು: ಫೋನಿಲ್ಲದವರು, ಸಾದಾ ಫೋನುಳ್ಳವರು, ಸ್ಮಾರ್ಟ್‌ಫೋನ್ ಅಥವಾ ಗಣಕಯಂತ್ರವುಳ್ಳವರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಊರಿನ ಪೆಟ್ಟಿಗೆಯು ಮನೆಯ ಸೊತ್ತಾದಾಗ ಕಲಿಕೆಯ ಅವಕಾಶವು ತಂದೆತಾಯಿಗಳ ಕೊಳ್ಳುವ ಶಕ್ತಿಯನ್ನು ಅವಲಂಬಿಸಿತೆಂಬುದು ಇದರಿಂದ ಸ್ಪಷ್ಟ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಸಮಸ್ಯೆಯ ಸ್ವರೂಪವೇ ಬದಲಾಯಿತು. ಹಿಂದಿನ ಯಂತ್ರಗಳು ಪಾಠವನ್ನು ತಲುಪಿಸುತ್ತಿದ್ದವು. ಇದು ಉತ್ತರವನ್ನೇ ಬರೆದುಕೊಡುತ್ತದೆ. ಕಂಠಪಾಠವನ್ನೇ ಅಳೆಯುವ ಪ್ರಶ್ನಪತ್ರಿಕೆಯ ಬೆಲೆ ಇಲ್ಲಿಗೆ ಕುಂದುತ್ತದೆ. ಹಾಗೆಂದು ನೆನಪು ನಿರರ್ಥಕವೆಂದು ನಾವು ಹೇಳುವುದಿಲ್ಲ. ಏನನ್ನೂ ಅರಿಯದವನು ಯಂತ್ರದ ತಪ್ಪನ್ನು ಗುರುತಿಸಲಾರನು.

ಸವದತ್ತಿ ತಾಲೂಕಿನ ಮನೋಳಿಯನ್ನು, ಎಂದರೆ ಇಂದಿನ ಮುನವಳ್ಳಿಯನ್ನು, ಉದಾಹರಣೆಗೆ ತೆಗೆದುಕೊಳ್ಳೋಣ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ನವಿಲುತೀರ್ಥದ ಅಣೆಕಟ್ಟನ್ನು ದಾಟಿ ಈ ಊರ ಬದಿಯಲ್ಲಿ ಹರಿಯುತ್ತದೆ; 2019ರ ಆಗಸ್ಟಿನ ನೆರೆ ಇಲ್ಲಿಯೂ ನುಗ್ಗಿತು. 'ನೆರೆಗೆ ಕಾರಣಗಳಾವುವು?' ಎಂಬ ಪ್ರಶ್ನೆಗೆ ಯಂತ್ರವು ಕ್ಷಣದಲ್ಲಿ ಉತ್ತರಿಸೀತು. ಆದರೆ ನೀರು ಯಾವ ಓಣಿಯವರೆಗೆ ಏರಿತು, ಯಾವ ಹೊತ್ತಿಗೆ ಏರಿತು, ಅಣೆಕಟ್ಟಿನಿಂದ ನೀರು ಬಿಟ್ಟ ಸಮಯಕ್ಕೂ ಅದಕ್ಕೂ ಇರುವ ಅಂತರವೆಷ್ಟು, ಹಿರಿಯರು ಹೇಳುವುದಕ್ಕೂ ಕಚೇರಿಯ ದಾಖಲೆಗೂ ಹೊಂದಿಕೆಯಿದೆಯೇ ಎಂದು ಕೇಳಿದರೆ ವಿದ್ಯಾರ್ಥಿಯು ಓಣಿಗಳಲ್ಲಿ ನಡೆದಾಡಬೇಕು, ಜನರನ್ನು ಮಾತನಾಡಿಸಬೇಕು, ಕಂಡುದನ್ನು ಅಳೆಯಬೇಕು. ಬಳಿಕ ಯಂತ್ರದ ಉತ್ತರವನ್ನು ತನ್ನ ಟಿಪ್ಪಣಿಯೊಡನೆ ಹೋಲಿಸಿ, ಭೇದವಿದ್ದಲ್ಲಿ ಕಾರಣ ಹೇಳಬೇಕು. ಇಂಥ ಪ್ರಶ್ನೆಗೆ ಇನ್ನೊಂದು ಗುಣವುಂಟು: ಫೋನಿಲ್ಲದ ವಿದ್ಯಾರ್ಥಿಯೂ ಅದರ ಮುಖ್ಯ ಭಾಗವನ್ನು ಸಮನಾಗಿ ಮಾಡಬಲ್ಲನು.

ಆದುದರಿಂದ ಪುನರ್ವಿಚಾರವು ಉಪಕರಣಗಳ ಖರೀದಿಯಿಂದಲ್ಲ, ಪ್ರಶ್ನಪತ್ರಿಕೆಯಿಂದ ಆರಂಭವಾಗತಕ್ಕದ್ದು. ಪ್ರತಿಯೊಂದು ವಿಷಯದ ಅಧ್ಯಾಪಕರೂ ವರ್ಷಕ್ಕೆ ಇಂಥ ಒಂದು ಪ್ರಶ್ನೆಯನ್ನಾದರೂ ತಮ್ಮ ಊರಿನಿಂದ ಎತ್ತಿಕೊಂಡು, ಅದಕ್ಕೆ ಅಂಕಗಳನ್ನೂ ಸಮಯವನ್ನೂ ಮೀಸಲಿಡುವುದು ಇಂದೇ ಸಾಧ್ಯ. ಅದಿಲ್ಲದೆ ಯಂತ್ರವನ್ನು ನಿಷೇಧಿಸಿದರೂ ಹಂಚಿದರೂ ನಮ್ಮ ಪರೀಕ್ಷೆಗಳು ಮುಂದೆಯೂ ಯಂತ್ರ ಮಾಡಬಲ್ಲ ಕೆಲಸವನ್ನೇ ಮನುಷ್ಯನಿಂದ ಮಾಡಿಸಿ ಅಂಕ ಕೊಡುತ್ತಲಿರುತ್ತವೆ.