ಅರುಳಪ್ಪನೋ? ಜಾನನೋ?

ಗಂಡುಮಗುವಿನ ಜ್ಞಾನಸ್ನಾನದ ದಿನ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಹೆಸರಿನ ಜಿಜ್ಞಾಸೆ ಏಳುತ್ತದೆ. ತಮ್ಮ ಹೆಸರಾದ ಅರುಳಪ್ಪ ಮೊಮ್ಮಗನಿಗೂ ಸಲ್ಲಲಿ ಎಂಬುದು ಅಜ್ಜನ ಆಸೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ಹಳತಾಗಿ ಕಂಡೀತೆಂದು ಹೆತ್ತವರಿಗೆ ಸಂಕೋಚ; ಅವರ ಒಲವು ಜಾನ್ ಎಂಬುದರತ್ತ. ಮಾತು ಬೆಳೆದು, ಅಜ್ಜ ಊಟ ಬಿಟ್ಟು ಜಗಲಿಯಲ್ಲಿ ಕುಳಿತುಬಿಡುವುದೂ ಉಂಟು.

ವಾಸ್ತವದಲ್ಲಿ ಇವೆರಡೂ ಒಂದೇ ಹೆಸರು. ಸರ್ವೇಶ್ವರ ಕೃಪೆ ತೋರಿದ್ದಾರೆ ಎಂಬರ್ಥದ ಹೀಬ್ರೂ ನಾಮವೇ ಜಾನ್ ಆಗಿದೆ. ಕೃಪೆಗೆ ತಮಿಳಿನಲ್ಲಿ ಅರುಳ್. ತಮಿಳು ಕ್ರೈಸ್ತರ ಅರುಳಪ್ಪರ್ ನಮ್ಮಲ್ಲಿ ಅರುಳಪ್ಪನಾದ. ಚಿನ್ನಪ್ಪನೂ ಹಾಗೆಯೇ: ಲ್ಯಾಟಿನ್ನಿನಲ್ಲಿ ಪೌಲನೆಂದರೆ ಚಿಕ್ಕವನು, ತಮಿಳಿನ 'ಚಿನ್ನ'ಕ್ಕೂ ಅದೇ ಅರ್ಥ. (ಕನ್ನಡದ ಕಿವಿಗೆ ಅದು ಬಂಗಾರವಾಗಿ ಕೇಳಿಸಿದ್ದು ನಮ್ಮ ಭಾಗ್ಯ!)

ಹಾಗೆಂದು ಹಿರಿಯರ ಹೆಸರೇ ಇರಬೇಕೆಂಬ ಕಟ್ಟಳೆಯಿಲ್ಲ. ಲೂಕನ ಶುಭಸಂದೇಶದಲ್ಲಿ ನೆಂಟರಿಷ್ಟರು ಶಿಶುವಿಗೆ ತಂದೆ ಜಕರೀಯನ ಹೆಸರನ್ನೇ ಇಡಹೊರಟಾಗ ಎಲಿಜಬೇತಮ್ಮನವರು ಒಪ್ಪಲಿಲ್ಲ. ಮೂಕನಾಗಿದ್ದ ಜಕರೀಯನು ಹಲಗೆಯ ಮೇಲೆ ಬರೆದು ಮಡದಿಯ ಮಾತನ್ನೇ ಎತ್ತಿಹಿಡಿದನು. ಆ ಹೆಸರೂ ಯೊವಾನ್ನ, ಅಂದರೆ ನಮ್ಮ ಅರುಳಪ್ಪನೇ! ಧರ್ಮಸಭೆಯ 1917ರ ಶಾಸನಸಂಹಿತೆ ಕ್ರೈಸ್ತ ನಾಮವನ್ನೇ ಬಯಸುತ್ತಿತ್ತು. 1983ರದು ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡವೆನ್ನುತ್ತದೆ, ಅಷ್ಟೆ. ಹೆತ್ತವರ ಆಯ್ಕೆಗೆ ನಾವು ಅಡ್ಡಬರುವುದಿಲ್ಲ. ಆದರೆ ಜಾನ್ ಎಂದು ಬರೆಸುವ ಮುನ್ನ ಅಜ್ಜನ ಬಳಿ ಕುಳಿತು, "ಅಪ್ಪಾ, ನಿಮ್ಮ ಹೆಸರನ್ನೇ ಇಡುತ್ತಿದ್ದೇವೆ" ಎಂದು ವಿವರಿಸಿ ಹೇಳಿರಿ. ಮನೆಯಲ್ಲಿ ಅವರು ಮಗುವನ್ನು ಅರುಳಪ್ಪಾ ಎಂದೇ ಕರೆದರೆ ತಡೆಯದಿರಿ. ಜನನ ಪ್ರಮಾಣಪತ್ರದಲ್ಲಿಯೂ ದೇವಾಲಯದ ಜ್ಞಾನಸ್ನಾನದ ಪುಸ್ತಕದಲ್ಲಿಯೂ ಮಾತ್ರ ಹೆಸರು ಅಕ್ಷರಶಃ ಒಂದೇ ಆಗಿರಲಿ.